ನಗ್ಮಾ ತಿರುಗಿ ನೋಡಲಿಲ್ಲ

ಎರಡು ವರ್ಷದ ಹಿಂದೆ, ರಂಜಾನ್ ಹಬ್ಬ ಮುಗಿದ ವಾರ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದ ನನ್ನ ಮಗನಿಗೆ ಆಗ ಎಂಟು ತಿಂಗಳು. ಅವನನ್ನು ಡಾಕ್ಟರಿಗೆ ತೋರಿಸಲು ಹರಿಹರದಿಂದ ದಾವಣಗೆರೆಗೆ ಹೋಗಿದ್ದೆವು. ನಾನು ಸೋಫಾ ರಿಪೇರಿ ಮಾಡುವವನು, ಅಂದು ಅಂಗಡಿ ತೆರೆದಿರಲಿಲ್ಲ. ಹೆಂಡತಿ ಶಬಾನಾ, ಏಳು ವರ್ಷದ ಮಗಳು ನಗ್ಮಾ ಜೊತೆಗಿದ್ದರು.

ವಿದ್ಯಾನಗರದ ಆ ಮಕ್ಕಳ ಡಾಕ್ಟರು ಬರೀ ಔಷಧಿ ಬರೆದು ಕಳಿಸುವವರಲ್ಲ. ಮಗುವಿನ ಜೊತೆ ಹೇಗೆ ಮಾತಾಡಬೇಕು, ಹೇಗೆ ಆಡಬೇಕು ಎಂದು ತಂದೆ ತಾಯಿಗೇ ಕಲಿಸುತ್ತಿದ್ದರು. ಮಗನನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ಮುಖ ನೋಡಿ ಏನರ ಮಾತಾಡ್ರಿ. ಆಮೇಲೆ ಸುಮ್ನೆ ಕಾಯ್ರಿ. ಅವನು ಸದ್ದು ಮಾಡಿದ್ರೆ ಅದೇ ಉತ್ತರ," ಎಂದರು. ನಾಚಿಕೆಯಾದರೂ ಮಾತಾಡಿಸಿ ಕಾದೆ. ಮಗ "ಆಂ" ಎಂದ. ಶಬಾನಾ ನಕ್ಕಳು.

ಡಾಕ್ಟರು ಗಿಲಕಿ ಆಡಿಸಿದಾಗ ಮಗ ಕತ್ತು ತಿರುಗಿಸಿದ. ನಗ್ಮಾ ನಮಗೆ ಬೆನ್ನು ಹಾಕಿ ಗೋಡೆಯ ಚಿತ್ರ ನೋಡುತ್ತಲೇ ಇದ್ದಳು. ಅದನ್ನು ಗಮನಿಸಿದ ಡಾಕ್ಟರು ಎದ್ದು ಹೋಗಿ ಅವಳ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ಅಲುಗಲಿಲ್ಲ. ಇವಳು ಮಾತಾಡುತ್ತಾಳೆಯೇ ಎಂದು ಕೇಳಿದರು.

"ಕಮ್ಮಿ ಮೇಡಂ. ಅಬ್ಬಾ, ಪಾನಿ, ಅಷ್ಟೇ. ನಮ್ಮ ಮನ್ಯಾಗ ಎಲ್ಲಾರೂ ತಡವಾಗೇ ಮಾತು ಕಲ್ತಿದ್ದು," ಎಂದೆ.

ಅದೇ ವಾರ ನಗ್ಮಾಳ ಕಿವಿ ಪರೀಕ್ಷೆ ಆಯಿತು. ಎರಡೂ ಕಿವಿ ಬಹುಪಾಲು ಕೇಳಿಸುವುದಿಲ್ಲ, ಹುಟ್ಟಿದಾಗಿನಿಂದಲೇ ಹೀಗಿರಬೇಕು ಎಂದರು. ಮೇಡಂ ನಮ್ಮನ್ನು ಬೈಯಲಿಲ್ಲ. "ಕೂಸಿದ್ದಾಗ ಬಂದಿದ್ರೆ ಬಾಳ ಅನುಕೂಲ ಆಗ್ತಿತ್ತು. ಈಗ್ಲೂ ಕೈ ಬಿಡೋದು ಬ್ಯಾಡ," ಎಂದರು ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಹಳೆಯದೆಲ್ಲ ನೆನಪಾಯಿತು. ಕರೆದರೆ ಬರುವುದಿಲ್ಲ ಎಂದು ಆ ಮಗುವನ್ನು ಎಷ್ಟು ಸಲ ಬೈದಿದ್ದೆನೋ. ಒಮ್ಮೆ ಸಾರಥಿ ಎಂಬ ಹಳ್ಳಿಯಲ್ಲಿ ನೆಂಟರ ಮದುವೆಯಲ್ಲಿ, ಎಲ್ಲರ ಎದುರು, ಇದಕ್ಕೆ ಸೊಕ್ಕು ಎಂದು ಕೆನ್ನೆಗೆ ಹೊಡೆದಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಯಾಕೆ ಹೊಡೆದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಈಗ ಕಿವಿಗೆ ಮಷಿನ್ ಹಾಕಿಸಿದ್ದೇವೆ. ದಿನಾ ಅವಳೆದುರು ಕೂತು ಮೇಡಂ ಹೇಳಿಕೊಟ್ಟಂತೆ ಮಾತಾಡಿಸಿ ಕಾಯುತ್ತೇನೆ. ಸದ್ದು ಕೇಳುತ್ತದೆ, ಮಾತು ಹತ್ತುತ್ತಿಲ್ಲ. ತಮ್ಮ ಆಗಲೇ ಅವಳಿಗಿಂತ ಹೆಚ್ಚು ಮಾತಾಡುತ್ತಾನೆ. ಅವಳು ಅವನ ಬಾಯನ್ನೇ ನೋಡುತ್ತಾಳೆ.

ಆ ಹೊಡೆತಕ್ಕೆ ಅವಳ ಹತ್ತಿರ ಮಾಫಿ ಕೇಳಬೇಕು. ಹೇಗೆ ಕೇಳಿದರೆ ಅವಳಿಗೆ ತಿಳಿದೀತು ಎಂಬುದು ನನಗಿನ್ನೂ ಗೊತ್ತಾಗಿಲ್ಲ.