ಐರ್ಲೆಂಡಿನ ವಿಸ್ಕಿ ಸಪ್ಪಗಾದದ್ದು

ನನ್ನ ಯಜಮಾನರು ದನದ ಡಾಕ್ಟರು. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅವರು ಮುಳಬಾಗಿಲಿನ ದನದ ಆಸ್ಪತ್ರೆಯಲ್ಲಿದ್ದರು. ಅವರ ಹುಟ್ಟೂರು ಹತ್ತಿರದ ದೇವರಾಯಸಮುದ್ರ. ನಾನು ಶ್ರೀನಿವಾಸಪುರದ ಕಡೆಯವಳು. ಆಸ್ಪತ್ರೆಯ ಹಿಂದೆಯೇ ಒಂದು ಹೆಂಚಿನ ಮನೆಯಲ್ಲಿ ನಾವಿಬ್ಬರೂ ನಮ್ಮ ಅತ್ತೆಯೂ ಇದ್ದೆವು. ಮಕ್ಕಳು ಇನ್ನೂ ಆಗಿರಲಿಲ್ಲ.

ಅವರ ಮೂಗು ಬಹಳ ಚುರುಕು. ಹಸುವಿನ ಬಾಯಿ ಮೂಸಿ, ಇದು ಮೇವು ಬಿಟ್ಟು ಎಷ್ಟು ಹೊತ್ತಾಯಿತು, ಹೊಟ್ಟೆಯಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದರು. ಮನೆಯಲ್ಲೂ ಹಾಗೆಯೇ. ನಾನು ಮೊಸರಿನ ಮಡಕೆ ಬದಲಾಯಿಸಿದ್ದರೆ ಮೊದಲನೆಯ ತುತ್ತಿಗೇ ತಿಳಿದುಬಿಡುತ್ತಿತ್ತು.

ಮದುವೆಗೆ ಮುಂಚೆ ಕೆಲವು ತಿಂಗಳು ಅವರು ಬೆಂಗಳೂರಿನ ದಂಡಿನಲ್ಲಿ ಕುದುರೆಗಳ ವೈದ್ಯನೊಬ್ಬನ ಕೈಕೆಳಗೆ ಕೆಲಸ ಕಲಿತಿದ್ದರು. ಅವನು ಐರ್ಲೆಂಡಿನವನು. ತನ್ನನ್ನು ಯಾರಾದರೂ ಇಂಗ್ಲಿಷಿನವನೆಂದರೆ ಅವನಿಗೆ ಸಿಟ್ಟು ಬರುತ್ತಿತ್ತಂತೆ. ಬರ್ಮಾ ಕಡೆಗೆ ಹೊರಡುವ ಮೊದಲು ಇವರನ್ನು ಕರೆಸಿ, ತನ್ನ ಊರಿನದೆಂದು ಒಂದು ಬಾಟಲಿ ವಿಸ್ಕಿ ಕೊಟ್ಟ. ಇದು ಗಂಟಲು ಸುಡುವಂಥದ್ದಲ್ಲ, ಹೊಸಬರಿಗೂ ಒಗ್ಗುತ್ತದೆ, ಆತುರಪಡದೆ ಕುಡಿ ಎಂದು ಹೇಳಿ ಕಳಿಸಿದನಂತೆ. ಆಮೇಲೆ ಅವನ ಸುದ್ದಿ ಬರಲೇ ಇಲ್ಲ.

ಇವರು ಅದುವರೆಗೆ ಹೆಂಡವನ್ನಾಗಲಿ ಸಾರಾಯಿಯನ್ನಾಗಲಿ ಮುಟ್ಟಿದವರಲ್ಲ. ಬಾಟಲಿಯನ್ನು ಔಷಧಿ ಬೀರುವಿನಲ್ಲಿಟ್ಟರು. ಭಾನುವಾರ ಸಂಜೆ ಅತ್ತೆ ಆಂಜನೇಯನ ಗುಡಿಗೆ ಹೋದ ಮೇಲೆ ಹಿತ್ತಿಲ ಜಗಲಿಯಲ್ಲಿ ಕೂತು ಗಾಜಿನ ಲೋಟಕ್ಕೆ ಒಂದಿಷ್ಟು ಹಾಕಿಕೊಳ್ಳುತ್ತಿದ್ದರು. ಹೂಜಿಯಿಂದ ಒಂದು ಚಮಚ ತಣ್ಣೀರು ಬಿಡುತ್ತಿದ್ದರು. ಕೂಡಲೇ ಕುಡಿಯುತ್ತಿರಲಿಲ್ಲ. ಲೋಟವನ್ನು ಅಂಗೈಯಲ್ಲಿ ಹಿಡಿದು, ಅದು ಬೆಚ್ಚಗಾಗಲಿ ಎಂದು ಕಾಯುತ್ತ, ಆಗಾಗ ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದರು.

ನನ್ನನ್ನೂ ಕೂರಿಸಿಕೊಂಡರು. ಮೊದಲು ನಾನು ಒಲ್ಲೆ ಎಂದೆ. ಕುಡಿಯುವುದು ಬೇಡ, ಮೂಸಿ ನೋಡು ಸಾಕು ಎಂದರು. ಮೂಸಿದೆ. ಆಲೆಮನೆಯಲ್ಲಿ ಬೆಲ್ಲ ಪಾಕಕ್ಕೆ ಬರುವಾಗಿನ ವಾಸನೆ. ಅದರ ಹಿಂದೆ ನಮ್ಮ ತೌರಿನಲ್ಲಿ ಹುಲ್ಲಿನೊಳಗೆ ಮಾವು ಹಣ್ಣು ಮಾಡಲು ಇಟ್ಟ ಕೋಣೆಯ ವಾಸನೆ. ಹಾಗೆಂದು ಹೇಳಿದಾಗ ಅವರು ತೊಡೆ ತಟ್ಟಿಕೊಂಡು ನಕ್ಕರು. ತುಟಿಗೆ ಸೋಕಿಸಿದೆ. ಜೇನಿನ ಹಾಗೆ ನಾಲಿಗೆಯ ಮೇಲೆ ನಿಂತು ಎದೆಯೊಳಗೆ ಮೆಲ್ಲಗೆ ಬಿಸಿಯಾಯಿತು. ಹುರಿದ ಗೋಧಿಯ ರುಚಿ ಕೊನೆಯಲ್ಲಿ ಉಳಿಯಿತು. ನಾವಿಬ್ಬರೂ ಅಷ್ಟು ಸಲಿಗೆಯಿಂದ ಮಾತಾಡಿದ್ದು ಆ ಭಾನುವಾರಗಳಲ್ಲೇ. ಬಾಟಲಿ ಬೇಗ ಖಾಲಿಯಾಗದಿರಲಿ ಎಂದು ನನಗೂ ಅನ್ನಿಸುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅವರು ಲೋಟವನ್ನು ಬಹಳ ಹೊತ್ತು ಮೂಸಿ, ಇದರ ವಾಸನೆ ಇಳಿದಿದೆ ಎಂದರು. ನನಗೆ ಹಾಗೇನೂ ಅನ್ನಿಸಲಿಲ್ಲ. ಬಿರಡೆ ಸಡಿಲವಾಗಿರಬೇಕೆಂದು ಅವರು ಅದಕ್ಕೆ ಜೇನುಮೇಣ ಮೆತ್ತಿದರು. ಮುಂದಿನ ವಾರ ಇನ್ನೂ ಸಪ್ಪಗಾಗಿದೆ ಎಂದರು. ನಾನು ಮೂಸಿದರೆ ಅದೇ ಬೆಲ್ಲ, ಅದೇ ಮಾವು.

"ನನಗೆ ಹಾಗೇ ಇದೆ ರೀ," ಎಂದೆ.

ಅವರು ನನ್ನ ಮುಖವನ್ನು ನೋಡಿದ ರೀತಿ ಮೊದಲಿನದಾಗಿರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದವರ ಹಾಗೆ ನೋಡಿ ಒಳಗೆ ಹೋದರು. ಮರುದಿನ ಔಷಧಿ ಬೀರುವಿಗೆ ಹೊಸ ಬೀಗ ಬಂತು. ಬೀಗದ ಕೈ ಅವರ ಸೊಂಟದಲ್ಲಿ.

ಬೀಗ ಹಾಕಿದ ಮೇಲೂ ವಿಸ್ಕಿ ಸಪ್ಪಗಾಗುತ್ತಲೇ ಹೋಯಿತು. ಕಡೆಗೆ ಒಂದು ದಿನ ಅವರು ಅತ್ತೆಯ ಎದುರು ನಿಂತು, ಬಾಟಲಿಯಲ್ಲಿದ್ದುದನ್ನು ಚೆಲ್ಲಿ ನೀರು ತುಂಬಿದವಳು ನೀನೇ ಎಂದುಬಿಟ್ಟರು. ಅತ್ತೆಗೆ ಆ ಬಾಟಲಿಯ ಮೇಲೆ ಅಸಹ್ಯವಿದ್ದದ್ದು ನಿಜ. ಭಾನುವಾರ ಗುಡಿಯಿಂದ ಬೇಕೆಂದೇ ತಡವಾಗಿ ಬರುತ್ತಿದ್ದರು. ಆದರೆ ಮಗನ ವಸ್ತುವನ್ನು ಕದ್ದು ಮುಟ್ಟುವ ಹೆಂಗಸಲ್ಲ.

"ನಾಯ್ನಾ, ನಾನ್ಯಾಕೆ ಅದನ್ನ ಮುಟ್ಲಿ?" ಎಂದರು. ಅವರ ಧ್ವನಿ ಏರಲಿಲ್ಲ.

"ಕಳ್ಳಿ," ಎಂದರು ಇವರು.

ತಾಯಿಗೆ ಎದುರಾಡದಿದ್ದ ಮನುಷ್ಯ. ಅತ್ತೆ ಅಂದು ಊಟ ಮಾಡಲಿಲ್ಲ. ಇವರು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡರು. ನನ್ನನ್ನು ಹೆದರಿಸಿದ್ದು ಆ ಬೈಗುಳಕ್ಕಿಂತ ಹೆಚ್ಚಾಗಿ ಆ ಊಟ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬೆಳಿಗ್ಗೆ ಎದ್ದ ಕೂಡಲೇ ಹಣೆ ಹಿಡಿದುಕೊಂಡು ಕೂರುತ್ತಿದ್ದರು. ಪೇಪರ್ ಓದುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯಲ್ಲಿ ಸಾವಾಗಿ ಹೆಂಗಸರು ಅಳುತ್ತಿದ್ದಾಗ ಬಾಗಿಲಲ್ಲಿ ನಿಂತು ಸುಮ್ಮಸುಮ್ಮನೆ ನಕ್ಕರು. ನಾನು ತೋಳು ಹಿಡಿದು ಒಳಗೆ ಕರೆದುಕೊಂಡು ಬಂದೆ. ಹಳಸಿದ ಹುಳಿಯನ್ನು ನಾನು ಚೆಲ್ಲಲು ಪಕ್ಕಕ್ಕಿಟ್ಟಿದ್ದರೆ ತಾವೇ ಬಡಿಸಿಕೊಂಡು ಚೆನ್ನಾಗಿದೆ ಎಂದರು.

ಒಂದು ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿದ್ದೆ. ಸೀದ ಹಾಲಿನ ಕಮಟು ಅಲ್ಲಿಯವರೆಗೆ ಬಂತು. ಓಡಿ ಬಂದು ನೋಡಿದರೆ ಅಡಿಗೆಮನೆ ತುಂಬ ಹೊಗೆ. ಒಲೆಯ ಮೇಲೆ ಪಾತ್ರೆ ಕರ್ರಗಾಗಿ ಹೊತ್ತಿಕೊಂಡಿದೆ. ಇವರು ಒಲೆಗೆ ಬೆನ್ನು ಕೊಟ್ಟು, ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಯಾಕೆ ಓಡಿ ಬಂದೆ ಎಂದು ನನ್ನನ್ನೇ ಕೇಳಿದರು.

ಆಗ ನನಗೆ ಅರ್ಥವಾಯಿತು. ಕೆಟ್ಟಿದ್ದು ಬಾಟಲಿಯಲ್ಲಿದ್ದುದಲ್ಲ.

ಆ ಭಾನುವಾರ ನಾನೇ ಬೀಗದ ಕೈ ಕೇಳಿ ತೆಗೆದುಕೊಂಡೆ. ಒಂದು ಲೋಟಕ್ಕೆ ವಿಸ್ಕಿ, ಇನ್ನೊಂದಕ್ಕೆ ಬರೀ ನೀರು ಹಾಕಿ, ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಮಕ್ಕಳಾಟವೆಂದುಕೊಂಡು ನಗುತ್ತಲೇ ಒಪ್ಪಿದರು. ಎರಡು ಲೋಟಗಳನ್ನೂ ಒಂದಾದ ಮೇಲೊಂದು ಮೂಗಿನ ಕೆಳಗೆ ಹಿಡಿದೆ. ಇನ್ನೊಂದು ಸಲ ಹಿಡಿ ಎಂದರು. ಮತ್ತೆ ಹಿಡಿದೆ. ನಗು ಹೋಗಿತ್ತು.

"ಎರಡೂ ನೀರೇ ಕಣೇ," ಎಂದರು.

ಕಣ್ಣು ಬಿಟ್ಟು ಲೋಟಗಳ ಬಣ್ಣ ನೋಡಿದರು. ಆಮೇಲೆ, ಎಷ್ಟೋ ವಾರಗಳಿಂದ ನಾನು ಕೇಳದೆ ಹೋಗಿದ್ದ ಅವರ ಹಳೆಯ ಧ್ವನಿಯಲ್ಲಿ, ಆಸ್ಪತ್ರೆಯಲ್ಲಿ ರೈತರಿಗೆ ವಿವರಿಸುವ ಹಾಗೆ ಹೇಳಿದರು: "ಕುರಿ ಕೆಲವು ನಿಂತಲ್ಲೇ ಸುತ್ತುತ್ತವೆ, ನೋಡಿದ್ದೀಯಲ್ಲ. ಸತ್ತ ಮೇಲೆ ತಲೆ ಬಿಚ್ಚಿದರೆ ಮೆದುಳೊಳಗೆ ಗುಳ್ಳೆ ಇರುತ್ತೆ. ನನಗೂ ಅಂಥದ್ದೇನೋ ಬೆಳೀತಿದೆ."

ಮುಳಬಾಗಿಲಿನಿಂದ ಬಸ್ಸಿನಲ್ಲಿ ಹೊರಟು, ಮಾಲೂರಿನಲ್ಲಿ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ದೊಡ್ಡಾಸ್ಪತ್ರೆಯ ಡಾಕ್ಟರು ಕಣ್ಣಿನೊಳಗೆ ದೀಪ ಬಿಟ್ಟು ನೋಡಿ, ನನ್ನನ್ನು ಹೊರಗೆ ಕೂರಿಸಿ ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಹಣೆಯ ಹಿಂದೆ ಗಡ್ಡೆಯಿದೆ, ಅದನ್ನು ತೆಗೆಯುವ ಕೈ ನಮ್ಮ ಸೀಮೆಯಲ್ಲಿಲ್ಲ, ಸಮುದ್ರ ದಾಟಿ ಹೋಗೋಣವೆಂದರೆ ಯುದ್ಧ. ಇಷ್ಟನ್ನು ಇವರೇ ನನಗೆ ಹೇಳಿದ್ದು ವಾಪಸು ಬರುವಾಗ, ಮಾಲೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ. ದೂರದ ಇಟ್ಟಿಗೆ ಗೂಡುಗಳ ಹೊಗೆ ನೆಲಕ್ಕೆ ಅಂಟಿಕೊಂಡು ನಮ್ಮ ಕಡೆಗೇ ಬರುತ್ತಿತ್ತು. ವಾಸನೆ ಬರುತ್ತಿದೆಯಾ ಎಂದು ಕೇಳಿದರು. ಬರುತ್ತಿದೆ ಎಂದೆ. ತಲೆಯಾಡಿಸಿದರು.

ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು ದೇವರಾಯಸಮುದ್ರಕ್ಕೆ ಹೊರಡಬೇಕಾಯಿತು. ಸಾಮಾನು ಕಟ್ಟುವ ದಿನ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ನೀನು ಕುಡಿ, ಹೇಗಿದೆ ಅಂತ ನನಗೆ ಹೇಳು ಎಂದರು. ಜಗಲಿಯ ಮೇಲೆ ಅವರ ಪಕ್ಕ ಕೂತು ಕುಡಿದೆ. ಬೆಲ್ಲದ ಪಾಕ, ಹುಲ್ಲು, ಮಾವು, ಹುರಿದ ಗೋಧಿ, ಒಂದೊಂದನ್ನೂ ನಿಧಾನವಾಗಿ ಹೇಳಿದೆ. ಅವರು ಬಾಯಿ ಚಪ್ಪರಿಸಿದರು. ಒಳಗೆ ಪಾತ್ರೆ ಕಟ್ಟುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

ಊರಿನಲ್ಲಿ ಅವರು ಪೂರ್ತಿ ಕುರುಡರಾದರು. ಆದರೂ ಜನ ದನಗಳನ್ನು ಮನೆಯ ಮುಂದೆ ತಂದು ಕಟ್ಟುತ್ತಿದ್ದರು. ಕೈಯಿಂದ ತಡವಿ, ಕಿವಿ ಇಟ್ಟು ಹೊಟ್ಟೆಯ ಸದ್ದು ಕೇಳಿ ಔಷಧಿ ಹೇಳುತ್ತಿದ್ದರು. ಕೆಲವು ದಿನ ಸರಿಯಾಗಿ ಹೇಳುತ್ತಿದ್ದರು. ಕೆಲವು ದಿನ ತಾವು ಮುಟ್ಟುತ್ತಿರುವುದು ಎತ್ತೋ ಎಮ್ಮೆಯೋ ಎಂದೂ ತಿಳಿಯುತ್ತಿರಲಿಲ್ಲ. ಕಡೆಕಡೆಗೆ ತಮ್ಮ ತಾಯಿಯನ್ನೇ ಯಾರೋ ಕೆಲಸದವಳೆಂದು ತಿಳಿದು ಗದರುತ್ತಿದ್ದರು. ಕಳ್ಳಿ ಎಂದ ಮಾತನ್ನು ಅವರು ವಾಪಸು ತೆಗೆದುಕೊಳ್ಳಲೇ ಇಲ್ಲ. ತೆಗೆದುಕೊಳ್ಳುವಷ್ಟು ನೆನಪು ಅವರಿಗೆ ಉಳಿದಿರಲಿಲ್ಲ.

ರಾಗಿ ತೆನೆ ಕಟ್ಟುವ ಹೊತ್ತಿಗೆ ತೀರಿಕೊಂಡರು. ಹನ್ನೊಂದರ ಕಾರ್ಯ ಮುಗಿದ ಮೇಲೆ ಅತ್ತೆಯ ಮುಂದೆ ನಾನು ಆ ಬೈಗುಳದ ಮಾತೆತ್ತಿ, ಅವರ ಪರವಾಗಿ ಏನೋ ಹೇಳಲು ಹೋದೆ. ಅತ್ತೆ ನನ್ನ ಬಾಯಿಯ ಮೇಲೆ ಕೈಯಿಟ್ಟರು.

"ಅದು ನನ್ ಮಗ ಆಡಿದ ಮಾತಲ್ಲ ಕಣಮ್ಮ. ನನ್ ಮಗ ಅಷ್ಟೊತ್ತಿಗಾಗ್ಲೇ ಹೊರಟುಹೋಗಿದ್ದ."

ಮುಂದಿನ ವರ್ಷ ನಾನು ಕೋಲಾರಕ್ಕೆ ಹೋಗಿ ಟೀಚರ್ ಟ್ರೈನಿಂಗಿಗೆ ಸೇರಿದೆ. ಅತ್ತೆಯೂ ನನ್ನ ಜೊತೆಗೇ ಬಂದರು. ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಹಾಲು ಕಾಯಿಸುವಾಗ ಇಬ್ಬರಲ್ಲಿ ಒಬ್ಬರು ಒಲೆಯ ಮುಂದೆ ನಿಂತೇ ಇರುತ್ತಿದ್ದೆವು.