ರೊಟ್ಟಿಗೆ ತಾಗದ ಬೆರಳು

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಜೋಳದ ರೊಟ್ಟಿ ಬಡಿಯುವಾಗ ಬಲಗೈಯ ಉಂಗುರದ ಬೆರಳನ್ನು ಎತ್ತಿ ಹಿಡಿಯುತ್ತಿದ್ದಳು. ಉಳಿದ ಬೆರಳುಗಳು ಹಿಟ್ಟಿನ ಮೇಲೆ, ಅದೊಂದು ಗಾಳಿಯಲ್ಲಿ. ರೊಟ್ಟಿ ಒಂದು ಕಡೆ ದಪ್ಪವಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಅಣ್ಣ ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯಲ್ಲಿದ್ದ, ನಾವೆಲ್ಲ ಒಂದೇ ಖೋಲಿಯ ಮನೆಯಲ್ಲಿದ್ದೆವು.

"ನಮ್ಮ ಸೊಸಿ ಉಂಗುರ ತೋರಿಸ್ಕೋತ ರೊಟ್ಟಿ ಬಡೀತಾಳ್ರಿ," ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಆ ಬೆರಳಿನಲ್ಲಿ ಉಂಗುರವೇ ಇರಲಿಲ್ಲ.

ಚಳಿಗಾಲದಲ್ಲಿ ನಲ್ಲಿಯ ನೀರು ತಾಗಿದರೆ ವೈನಿ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತುಬಿಡುತ್ತಿದ್ದಳು. ನೋಡಿದರೆ ಬಾವಿಲ್ಲ, ಗಾಯವಿಲ್ಲ. ಉಗುರಿನ ಬುಡದಲ್ಲಿ ತುಸು ನೀಲಿ, ಅಷ್ಟೇ. ಓಣಿಯ ಡಾಕ್ಟರು ನರದ ದೌರ್ಬಲ್ಯ ಎಂದು ಗುಳಿಗೆ ಕೊಟ್ಟರು. ಇನ್ನೊಬ್ಬರು ಉಗುರನ್ನೇ ಕಿತ್ತರು. ಉಗುರು ಮತ್ತೆ ಬೆಳೆಯಿತು, ನೋವು ಹೋಗಲಿಲ್ಲ. ಪಾತ್ರೆ ತಿಕ್ಕುವ ಹೊತ್ತಿಗೇ ಬರುವ ನೋವನ್ನು ಅವ್ವ ನಂಬಲಿಲ್ಲ. ಬರಬರುತ್ತ ವೈನಿ ಹೇಳುವುದನ್ನೇ ಬಿಟ್ಟಳು.

ಒಂದು ದಿನ ಬೆರಳು ಬಾಗಿಲಿಗೆ ತಾಗಿ ಅವಳು ಕಣ್ಣುಕತ್ತಲೆ ಬಂದು ಕುಸಿದಳು. ಅವ್ವ, ನಾನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಗುಂಡುಸೂಜಿಯ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತಿದರು. ವೈನಿ ಸುಮ್ಮನಿದ್ದಳು. ಒಂದು ಕಡೆ ಒತ್ತಿದಾಗ ಮೈಯೆಲ್ಲ ನಡುಗಿತು. ತುಸು ಸರಿಸಿ ಒತ್ತಿದರೆ ಏನೂ ಇಲ್ಲ. ಆಮೇಲೆ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಬಿಗಿದು, ಗಾಳಿ ತುಂಬಿ, ಕೈಗೆ ರಕ್ತ ಹರಿಯದಂತೆ ತಡೆದು, ಅದೇ ಜಾಗ ಒತ್ತಿದರು. ನೋವಿಲ್ಲ. ಪಟ್ಟಿ ಸಡಿಲಿಸಿದೊಡನೆ ನೋವು ಮರಳಿತು.

ಉಗುರಿನ ಕೆಳಗೆ ಸಾಸಿವೆ ಕಾಳಿನಷ್ಟು ಗಂಟು ಇರಬೇಕು, ಬಹಳ ಅಪರೂಪದ್ದು, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ತೆಗೆದರೆ ಗುಣವಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿ, ಎಷ್ಟು ವರ್ಷದಿಂದ ನೋವಿದೆ ಎಂದು ಕೇಳಿದರು. ವೈನಿ ಉತ್ತರಿಸುವ ಮೊದಲು ಅವ್ವನ ಮುಖ ನೋಡಿದಳು.

ಮರಾಠಿ ಚೆನ್ನಾಗಿ ಬರುತ್ತಿದ್ದ ಅವ್ವ ಕನ್ನಡದಲ್ಲೇ ಅಂದಳು: "ನಮ್ಮ ಮನೀಗೆ ಬಂದಾಗಿಂದ ಅದರಿ."

ಅದನ್ನು ನಾನು ಮರಾಠಿಯಲ್ಲಿ ಹೇಳಬೇಕಾಯಿತು.

ಗಂಟು ತೆಗೆದರು. ಪರೀಕ್ಷೆಯಲ್ಲೂ ಅದೇ ಬಂತು. ಗಾಯ ಮಾಯ್ದ ಮೇಲೆ ವೈನಿ ತಣ್ಣೀರಿನ ಬಕೇಟಿನಲ್ಲಿ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. ರೊಟ್ಟಿ ಬಡಿಯುವಾಗ ಮಾತ್ರ ಬೆರಳು ತಾನಾಗಿ ಮೇಲೇಳುತ್ತಿತ್ತು.

"ಈಗ ನೋಯೂದಿಲ್ಲಲ್ಲವಾ, ಇಳಸು," ಎಂದಳು ಅವ್ವ.

"ನೋಯೂದಿಲ್ರಿ, ಅತ್ತಿ."

ಬೆರಳು ಇಳಿಯಲಿಲ್ಲ. ಒಂದು ಕಡೆ ದಪ್ಪಗಿದ್ದ ಆ ರೊಟ್ಟಿಯನ್ನು ಅವ್ವ ತನ್ನ ತಾಟಿಗೇ ಹಾಕಿಕೊಂಡಳು.