ನೋಡದೆ ಹಾಕುತ್ತಿದ್ದ ಸಹಿ

ನಮ್ಮ ಮಾವನವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನನ್ನೇ ಎರಡು ಸಲ "ಯಾರಮ್ಮ, ಯಾರು ಬೇಕಿತ್ತು?" ಎಂದು ಕೇಳಿದ್ದರು. ಆದರೆ ಬೆರಳಚ್ಚು ತೋರಿಸಿದರೆ ಇಪ್ಪತ್ತು ವರ್ಷದ ಹಿಂದಿನ ಕಳ್ಳನ ಜಾತಕವನ್ನೇ ಬಿಚ್ಚಿಡುತ್ತಾರೆ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಅವರದು ಮೂವತ್ತೊಂದು ವರ್ಷದ ಕೆಲಸ. ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು, ಕತ್ತು ಬಗ್ಗಿದ ದೀಪ, ಹಿಡಿ ಸವೆದ ಭೂತಗನ್ನಡಿ. ಇಲಾಖೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ.

ಎದುರು ಮಾತು ಇರಲಿಲ್ಲ ಎನ್ನುವುದೇ ರೋಗ ಅಂತ ಆಗ ನಮಗ್ಯಾರಿಗೂ ಹೊಳೆದಿರಲಿಲ್ಲ. ಪ್ರತಿ ವರದಿಗೂ ಇಬ್ಬರ ಸಹಿ ಬೇಕು. ಎರಡನೆಯ ಸಹಿ ಹಾಕುತ್ತಿದ್ದವರು ಪಕ್ಕದ ಮೇಜಿನ ಗೆಳೆಯರು. ಅವರಿಗೆ ಆಫೀಸಿನಲ್ಲಿ 'ಹೌದಪ್ಪ' ಎಂದೇ ಹೆಸರು. "ಅಣ್ಣ ನೋಡಿದ ಮೇಲೆ ನಾನೂ ನೋಡೋದು ಅಂದ್ರೆ ಅಣ್ಣನ್ನ ಅನುಮಾನಿಸಿದ ಹಾಗಲ್ವಾ?" ಎಂದು ಅವರು ಕಾಗದದ ಕೆಳಭಾಗ ಮಾತ್ರ ನೋಡಿ ಸಹಿ ಹಾಕುತ್ತಿದ್ದರು. ಇಪ್ಪತ್ತಾರು ವರ್ಷ ಇದು ಮರ್ಯಾದೆಯ ಲೆಕ್ಕದಲ್ಲಿ ನಡೆಯಿತು.

ಆಮೇಲೆ ಎಲ್ಲೋ ದೂರದಲ್ಲಿ ನಾನಾ ದೇಶದವರು ಸೇರಿ ಇಂಥ ಪ್ರಯೋಗಾಲಯಗಳು ಹೀಗೆ ಹೀಗೆ ನಡೆಯಬೇಕು ಅಂತ ಒಂದು ಮಾನದಂಡ ಬರೆದರು. ನಮ್ಮ ಸರ್ಕಾರ ಅದನ್ನು ಒಪ್ಪಿ ನೀತಿ ಮಾಡಿತು. ಅದರಂತೆ ಮಾಡದ ವರದಿಯನ್ನು ನ್ಯಾಯಾಲಯ ಮುಟ್ಟಕೂಡದೆಂದು ಕಾನೂನೂ ಬಂತು. ಕೊನೆಗೆ ಅದೆಲ್ಲ ಮಾವನವರ ಮೇಜಿಗೆ ನಾಲ್ಕು ಪುಟದ ಸುತ್ತೋಲೆಯಾಗಿ ಇಳಿಯಿತು. ಎರಡನೆಯವರಿಗೆ ಮೊದಲನೆಯವರ ಅಭಿಪ್ರಾಯ ಗೊತ್ತಾಗಬಾರದು. ಬರೀ ಒಂದು ಸಂಖ್ಯೆ ಬರೆದ ಲಕೋಟೆ ಹೋಗಬೇಕು. ಕಳ್ಳತನದ ಜಾಗದಲ್ಲಿ ಸಿಕ್ಕ ಗುರುತನ್ನು ಪೂರ್ತಿ ಓದಿ, ಬರೆದಿಟ್ಟ ಮೇಲೆಯೇ ಅನುಮಾನದವನ ಬೆರಳು ನೋಡಬೇಕು.

"ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯ್ತು," ಎಂದು ಮಾವ ಊಟದ ಹೊತ್ತಿಗೆ ಗೊಣಗಿದರು. "ಅವ್ರೇನು ನಮ್ಮ ಕಳ್ಳರನ್ನ ಕಂಡಿದ್ದಾರಾ?"

"ಕಳ್ಳರಿಗಲ್ಲ ಮಾವ, ನಿಮಗೇ ಬರೆದಿರೋದು ಅದು," ಎಂದೆ. ನಾನು ಶಾಲೆಯಲ್ಲಿ ಲೆಕ್ಕ ಕಲಿಸುವವಳು, ನಾಲಿಗೆ ಸ್ವಲ್ಪ ಉದ್ದ. ಅತ್ತೆ ಮುಸಿಮುಸಿ ನಕ್ಕರು.

ಹೌದಪ್ಪ ನಿವೃತ್ತರಾಗಿ ಆ ಜಾಗಕ್ಕೆ ಕಿರಿಯ ತಜ್ಞೆಯೊಬ್ಬಳು ಬಂದಳು. ಮಾತು ಕಡಿಮೆ, ನೋಟ ಚುರುಕು. ಅವಳು ಬಂದ ಎಂಟನೇ ತಿಂಗಳಲ್ಲಿ ಒಂದು ಔಷಧದ ಗೋದಾಮು ಕಳುವಾಯಿತು. ಕಿಟಕಿ ಗಾಜಿನ ಮೇಲೆ ಅರ್ಧ ಬೆರಳಿನ ಗುರುತು ಸಿಕ್ಕಿತು. ಕಂಪ್ಯೂಟರ್ ಅದನ್ನು ಹೋಲುವ ಅಚ್ಚಿನವರ ಹತ್ತು ಹೆಸರು ಕೊಟ್ಟಿತು, ಮೊದಲನೆಯದು ಒಬ್ಬ ಹಾಲಿನ ವ್ಯಾನಿನ ಚಾಲಕನದು. ಎಂದೋ ಬೀದಿ ಜಗಳದಲ್ಲಿ ಸಿಕ್ಕಿಬಿದ್ದಾಗ ತೆಗೆದಿದ್ದ ಅಚ್ಚು. ಮಾವ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಹಳೇ ಅಭ್ಯಾಸದಂತೆ ಫೋನೆತ್ತಿದರು. "ಅವನೇ. ಕಾಗದ ಆಮೇಲೆ ಕಳಿಸ್ತೀನಿ," ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು. ಸಂಜೆಯೊಳಗೆ ಚಾಲಕ ಲಾಕಪ್ಪಿನಲ್ಲಿದ್ದ, ಆಮೇಲೆ ಜೈಲಿಗೂ ಹೋದ.

ಐದನೇ ದಿನ ಗುಮಾಸ್ತ ಎರಡು ಲಕೋಟೆಗಳನ್ನು ಒಡೆದ. ಮಾವನವರದರಲ್ಲಿ 'ಹೊಂದುತ್ತದೆ' ಎಂದಿತ್ತು. ಆ ಹುಡುಗಿಯದರಲ್ಲಿ 'ಹೊಂದುವುದಿಲ್ಲ'.

ಮನೆಗೆ ಬಂದ ಮಾವನ ಮುಖ ಸಪ್ಪೆಯಾಗಿತ್ತು. "ಗಾಜಿನ ಗುರುತಲ್ಲಿ ಒಂದು ಗೆರೆ ನನಗೆ ಕವಲಾಗಿ ಕಾಣ್ತು. ಆ ಹುಡುಗಿಗೆ ಅದು ಅಲ್ಲಿಗೇ ನಿಂತಿದೆ ಅಂತ ಕಂಡಿದೆ," ಎಂದರು.

"ಯಾವ ಅಚ್ಚು ಮೊದ್ಲು ನೋಡಿದ್ರಿ ಮಾವ?"

"ಚಾಲಕಂದೇ," ಎಂದು ಅವರು ಊಟಕ್ಕೆ ಕೂತರು.

"ನಮ್ಮ ಮಕ್ಕಳೂ ಹಾಗೇನೇ. ಪುಸ್ತಕದ ಹಿಂದೆ ಉತ್ತರ ನೋಡ್ಕೊಂಡು ಲೆಕ್ಕ ಮಾಡ್ತಾರೆ. ಹೇಗೋ ಎಳೆದು ಆ ಉತ್ತರಕ್ಕೇ ತಂದು ನಿಲ್ಲಿಸ್ತಾರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅನ್ನವನ್ನು ತಟ್ಟೆಯಲ್ಲೇ ಕಲಸುತ್ತಾ ಕೂತು, "ಆ ಚಾಲಕ ಅವತ್ತು ರಾತ್ರಿ ಮನೇಲಿ ಮಲಗಿದ್ದೆ ಅಂತ ಬಡ್ಕೋತಿದ್ದಾನಂತೆ ಕಣಮ್ಮ," ಎಂದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದರು. ಚಾಲಕನ ಅಚ್ಚಿನ ಮೇಲೆ ಕಾಗದ ಮುಚ್ಚಿ ಗಾಜಿನ ಗುರುತನ್ನು ಮಾತ್ರ, ಸುತ್ತೋಲೆಯಲ್ಲಿ ಹೇಳಿದಂತೆಯೇ, ಗೆರೆಗೆರೆಯಾಗಿ ಓದಿದರು. ಗೆರೆ ಕವಲೊಡೆದಿರಲಿಲ್ಲ, ನಿಂತಿತ್ತು. ಆಗ ಮುಚ್ಚಿದ್ದ ಕಾಗದ ಸರಿಸಿದರು. ಎರಡೂ ಒಂದೇ ಬೆರಳಲ್ಲ.

ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದರೆ ಆತ, "ನೀವೇ ಅಲ್ವಾ ಸಾರ್ ಅವನೇ ಅಂದಿದ್ದು? ಈಗ ನೀವೇ ಅಲ್ಲ ಅಂದ್ರೆ ನಾನು ಯಾವುದನ್ನ ನಂಬಲಿ? ಕಾಗದ ಬರಲಿ ಬಿಡಿ," ಎಂದ. ತಪ್ಪೇನಿಲ್ಲ, ನಿಯಮವೂ ಅದನ್ನೇ ಹೇಳುತ್ತಿತ್ತು. ಇಬ್ಬರ ಲಕೋಟೆಯಲ್ಲಿ ಭಿನ್ನಾಭಿಪ್ರಾಯ ಬಂದರೆ ಬೇರೆ ಊರಿನ ಮೂರನೆಯವರು ನೋಡಬೇಕು. ಮಾವ ತಮ್ಮ ತಪ್ಪನ್ನು ಬರೆದು ಸಹಿ ಮಾಡಿ ಕಡತಕ್ಕೆ ಸೇರಿಸಿದರು, ಆಮೇಲೆ ಕಾದರು. ಆ ಮೂರು ದಿನ ನಮ್ಮ ಮನೆಯಲ್ಲಿ ಮಾಡಿದ ಅನ್ನ ಪಾತ್ರೆಯಲ್ಲೇ ಉಳಿಯಿತು. ಹಳೇ ಪದ್ಧತಿಯೇ ಇದ್ದು ಹೌದಪ್ಪನವರೇ ಸಹಿ ಹಾಕಿದ್ದರೆ ವರದಿ ಅದೇ ದಿನ ನ್ಯಾಯಾಲಯಕ್ಕೆ ಹೋಗಿ, ಆ ಮನುಷ್ಯ ವರ್ಷಗಟ್ಟಲೆ ಒಳಗಿರುತ್ತಿದ್ದನಲ್ಲ ಎಂದು ಮತ್ತೆ ಮತ್ತೆ ನೆನೆಯುತ್ತಿದ್ದೆ.

ಮೂರನೆಯವರ ಉತ್ತರ ಬಂತು. ಚಾಲಕನಲ್ಲ. ಕಂಪ್ಯೂಟರ್ ಕೊಟ್ಟ ಪಟ್ಟಿಯ ನಾಲ್ಕನೆಯವನು. ಅವನ ಮನೆಯ ಅಟ್ಟದಲ್ಲೇ ಔಷಧದ ಪೆಟ್ಟಿಗೆಗಳೂ ಸಿಕ್ಕವು. ಮಾವ ನನಗೆ ಶಾಲೆಗೇ ಫೋನ್ ಮಾಡಿ "ಅವನಲ್ಲವಂತೆ!" ಎಂದು ಕೂಗಿದರು. ತಾವು ತಪ್ಪಿದ್ದಕ್ಕೆ ಅಷ್ಟು ಖುಷಿಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ನನಗೂ ಹೋದ ಜೀವ ಬಂದಂತಾಯಿತು. ಆ ದಿನ ಮಾವ ಮೂರು ಸಲ ಅನ್ನ ಹಾಕಿಸಿಕೊಂಡರು. ಆ ಹುಡುಗಿಯನ್ನು ಊಟಕ್ಕೆ ಕರೆಯಬೇಕೆಂದು ಅತ್ತೆಗೆ ಮೂರು ಸಲ ಹೇಳಿದರು.

ಬಿಡುಗಡೆಯ ದಿನ ಜೈಲಿನ ಬಾಗಿಲಿಗೆ ಹೋಗಲೇಬೇಕೆಂದು ಹಟ ಹಿಡಿದರು. "ನೀನೂ ಬಾಮ್ಮ, ನನಗೆ ಮುಖ ಗೊತ್ತಾಗಲ್ಲ," ಎಂದರು. ಹೆಂಡತಿ ತಂದ ಒಗೆದ ಅಂಗಿ ತೊಟ್ಟು ಚಾಲಕ ಹೊರಗೆ ಬಂದ. ಮಾವ ಎದುರು ಹೋಗಿ ಕೈಮುಗಿದರು.

"ಗಾಜಿನ ಮೇಲಿದ್ದಿದ್ದು ನಿಮ್ಮ ಬೆರಳು ಅಂತ ಹೇಳಿದವನು ನಾನೇ. ತಪ್ಪಾಯ್ತಪ್ಪ. ನನ್ನಿಂದ ನಿಮಗೆ ಒಂಬತ್ತು ದಿನ ಹೋಯ್ತು."

ಬೈದಾನು, ಹೊಡೆದರೂ ಹೊಡೆದಾನು ಎಂದು ನಾನು ಮಾವನಿಗೆ ಒತ್ತಿ ನಿಂತೆ. ಅವನು ತನ್ನ ಬಲಗೈ ಬಿಡಿಸಿ ಬೆರಳುಗಳನ್ನೇ ನೋಡಿಕೊಂಡ.

"ಬಿಡಿ ಸಾರ್," ಎಂದ. "ಮೊದಲ ಎರಡು ದಿನ ನಂದಲ್ಲ ಅಂತ ಕೂಗಾಡಿದೆ. ಆಮೇಲೆ ಎಲ್ರೂ ಬೆರಳಚ್ಚು ಎಲ್ಲಾದ್ರೂ ಸುಳ್ಳು ಹೇಳುತ್ತಾ ಅಂತ ಕೇಳೋಕೆ ಶುರು ಮಾಡಿದ್ರು. ನಿನ್ನೆ ಹೊತ್ತಿಗೆ ನಂಗೇ, ನಿದ್ದೆಗಣ್ಣಲ್ಲಿ ಹೋಗಿ ಕದ್ದಿದ್ದೀನೇನೋ ಅಂತ ಅನ್ನಿಸೋಕೆ ಹತ್ತಿತ್ತು. ನಾನಲ್ಲ ಅಲ್ವಾ ಸಾರ್?"

"ಅಲ್ಲಪ್ಪ," ಎಂದರು ಮಾವ. "ನೀನಲ್ಲ. ಮೂರು ಜನ ನೋಡಿದ್ದೀವಿ."